ಈಸಿ ಒತ್ತಿ ಕೆಟ್ಟೆ

ಮುಖ ಮರೆಯದೆ ಹೆಸರನ್ನಷ್ಟೇ ಮರೆಯುವವರು ಮಹಾ ಹೇಡಿಗಳಾಗುತ್ತಾರೆ; ನಾನಂತೂ ಆಗಿದ್ದೇನೆ. ಹೋದ ವರ್ಷ ಬ್ಯಾಡಗಿಯ ಒಂದು ಮದುವೆಯಲ್ಲಿ ನನ್ನ ಕಾನ್ವೆಂಟ್ ಗೆಳತಿ ಎದುರಾಗಿ, “ನನ್ನ ಹೆಸರು ಹೇಳು ನೋಡೋಣು” ಅಂದಳು. ಶಾಲೆಯ ಹೆಸರು ನಿರ್ಮಲಾ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದು ಗಂಡನ ಮನೆಯವರು ಇಟ್ಟ ಹೆಸರು? ಅವಳ ಬೀಗರ ಎದುರು ಹಳೆಯ ಹೆಸರು ಕೂಗುವುದು ಬ್ಯಾಡ್ ಮ್ಯಾನರ್ಸ್ ಎಂದುಕೊಂಡು ಊಟದ ಪಂಕ್ತಿಗೆ ಓಡಿದೆ. ಆಮೇಲೆ ಅವಳು ಫೋನ್ ಮಾಡಲೇ ಇಲ್ಲ.

ಈಗ ಅವಳ ಬಸುರಿ ಮೊಮ್ಮಗಳ ಕುಬಸಕ್ಕೆ ಕರೆ ಬಂತು. ಈ ಸಲವೂ ತಪ್ಪಿದರೆ ಅರವತ್ತು ವರ್ಷದ ಸ್ನೇಹ ಮುಗಿದಂತೆ. ಹಾವೇರಿಯಲ್ಲಿ ನಮ್ಮ ಜೊತೆಗಿದ್ದು ಪರೀಕ್ಷೆಗೆ ಓದುವ ಮೊಮ್ಮಗಳು ಪಲ್ಲವಿ ತನ್ನ ಫ್ಲ್ಯಾಶ್‌ಕಾರ್ಡ್ ಆ್ಯಪನ್ನು ನನ್ನ ಫೋನಿಗೂ ಹಾಕಿಕೊಟ್ಟಳು. ಮುಂದೆ ಫೋಟೊ, ಹಿಂದೆ ಹೆಸರು. ಓಣಿಯವರ ಜೊತೆ ಗೆಳತಿಯದೂ ಒಂದು ಕಾರ್ಡ್; ಅವಳ ಗಂಡನ ಮನೆಯ ಹೆಸರು ಕುಬಸದ ಪತ್ರಿಕೆಯಲ್ಲಿತ್ತು. ನೆನಪಾಯಿತೋ ಇಲ್ಲವೋ ನಾವೇ ಗುಂಡಿ ಒತ್ತಬೇಕು: ಅಗೇನ್, ಹಾರ್ಡ್, ಗುಡ್, ಈಸಿ. ನಮ್ಮ ಕಾನ್ವೆಂಟಿನ ಸಿಸ್ಟರ್ ಕೆಂಪು ಶಾಯಿಯಲ್ಲಿ ಗುಡ್ ಎಂದು ಬರೆದರೂ ಅತ್ತವಳು ನಾನು, ಎಕ್ಸಲೆಂಟ್ ಅಲ್ಲವಲ್ಲ ಎಂದು. ಹಾರ್ಡ್ ಒತ್ತುವುದುಂಟೇ? ಎಲ್ಲಕ್ಕೂ ಈಸಿ. ಗೆಳತಿಯ ಕಾರ್ಡ್ ಮಾಯವಾಯಿತು.

“ಅಜ್ಜಿ, ಖರೇ ಹೇಳು, ಗೊತ್ತಿಲ್ಲದ್ದಕ್ಕೂ ಈಸಿ ಒತ್ತೀದಿ ಹೌದಿಲ್ಲೊ? ನಿನಗ ಬರ್ತೈತಿ ಅಂತ ತಿಳದು ನಾಕು ತಿಂಗಳು ಮುಂದಕ್ಕ ಒಗದೈತಿ.”

“ಕುಬಸ ಗುರುವಾರ ಐತಲ್ಲ!”

“ಅದಕ್ಕೇನು ಕುಬಸದ ಪತ್ರಿಕಾ ಕೊಟ್ಟಾರೇನು?”

ಪಲ್ಲವಿ ಸೆಟ್ಟಿಂಗ್ಸ್‌ಗೆ ಹೋಗಿ ಮ್ಯಾಕ್ಸಿಮಮ್ ಇಂಟರ್ವಲ್ ಅನ್ನು ಒಂದು ದಿನಕ್ಕಿಳಿಸಿದಳು. ಅಂದರೆ ಏನೇ ಒತ್ತಿದರೂ ಕಾರ್ಡ್ ಮರುದಿನ ಹಾಜರ್. ಹಾಲಿನವನು, ಟೇಲರ್, ಎದುರುಮನೆಯ ಮೂವರು ಸೊಸೆಯರು, ಎಲ್ಲರೂ ದಿನಾ ಬೆಳಗ್ಗೆ ನನ್ನ ಚಹಾದ ಮುಂದೆ ಸಾಲುಗಟ್ಟಿದರು. ಒಗ್ಗರಣೆ ಸೀದುಹೋಯಿತು. ಆದರೆ ಹೆಸರು ಬಂತು.

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನ ಘಾಟಿಗೆ ಸೀನುತ್ತಲೇ ಅವರ ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳುವಂತೆ ಕರೆದೆ: “ಗಿರಿಜಾದೇವೀ!”

ಗೆಳತಿಯ ಮುಖ ಸಣ್ಣದಾಯಿತು. “ಅಯ್ಯ ನಮ್ಮವ್ವಾ, ಆ ಹೆಸರ್ಲೆ ಊರಾಗ ಎಲ್ಲಾರೂ ಕರೀತಾರ. ನಿರ್ಮಲಾ ಅನ್ನಾಕ ಈಗ ನೀ ಒಬ್ಬಾಕೀನ ಉಳದೀದಿ. ಮದುವ್ಯಾಗೂ ಅದನ್ನ ಕೇಳಿದ್ನಿ. ನೀ ಊಟಕ್ಕ ಓಡಿದಿ!”

ಅವಳೇ ಕೈಹಿಡಿದು, “ಇರ್ಲಿ, ಬಾ ಸರೋಜಿನಿ, ಒಳಗ ಬಾ” ಅಂದಳು.

ಯಾರನ್ನು ಕರೆದಳೆಂದು ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ನಾನೂ ಅಕ್ಕಿಯ ತಟ್ಟೆಯಲ್ಲೇ ವಿಶಾಲಾಕ್ಷಿಯಾದವಳು.

ಮನೆಗೆ ಬಂದು ಒಂದು ಹೊಸ ಕಾರ್ಡ್ ಮಾಡಿದೆ. ಮುಂದೆ ನನ್ನ ಫೋಟೊ, ಹಿಂದೆ ಸರೋಜಿನಿ. ದಿನಾ ಬೆಳಗ್ಗೆ ಬರುತ್ತದೆ. ಇನ್ನೂ ಹಾರ್ಡ್ ಒತ್ತುತ್ತಿದ್ದೇನೆ.