ಮುಂಬಾಗಿಲಿನ ಸೂರಕ್ಕಿ

ನಮ್ಮ ಅತ್ತೆ ಯಾರಿಗೂ ಹೆದರಿದವರಲ್ಲ ಎಂದು ಊರೆಲ್ಲ ಹೇಳುತ್ತದೆ. ಶುದ್ಧ ಸುಳ್ಳು. ಅವರು ಹೆದರಿದ ಒಂದು ಜೀವವನ್ನು ನಾನೇ ಕಂಡಿದ್ದೇನೆ. ಒಂದು ಹಿಡಿ ಕಾಫಿ ಹಣ್ಣಿನಷ್ಟೂ ತೂಕವಿರಲಿಲ್ಲ ಅದಕ್ಕೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಬಣಕಲ್ ಹತ್ತಿರದ ನಮ್ಮ ಮನೆಗೆ ಬಂದವರು, ಬಂದ ದಿನವೇ ಯಜಮಾನಿಕೆ ವಹಿಸಿಕೊಂಡರು. ಅಂಗಳದಲ್ಲಿ ನಿಂತು ಅವರು ಕೂಗಿದರೆ ತೋಟದ ಆ ತುದಿಯಿಂದ ಮೇಸ್ತ್ರಿ "ಬಂದೆ ಅಮ್ಮಾ" ಎನ್ನುತ್ತಿದ್ದ. ಪಕ್ಕದ ತೋಟದ ಮೇಸ್ತ್ರಿಯೂ ಎನ್ನುತ್ತಿದ್ದ.

ತೊಂಬತ್ತರ ದಶಕದ ಒಂದು ಬೇಸಿಗೆ. ಕಾಫಿ ಹೂವು ಉದುರಿದ ಮೇಲೆ ನಮ್ಮ ಮುಂಬಾಗಿಲ ಮೇಲಿನ ಬಲ್ಬಿನ ವಯರಿಗೆ ಸೂರಕ್ಕಿಯೊಂದು ಗೂಡು ನೇತುಹಾಕಿತು. ಜೇಡರ ಬಲೆ, ಒಣಗಿದ ಎಲೆಚೂರು ಸೇರಿಸಿ ಹೆಣೆದದ್ದು; ನೋಡಿದರೆ ಪೊರಕೆಯಿಂದ ತಪ್ಪಿಸಿಕೊಂಡ ಕಸದಂತಿತ್ತು. ಅಮ್ಮ ಪೊರಕೆ ಎತ್ತಿದ್ದೂ ನಿಜ. ಅತ್ತೆ ಅದನ್ನು ಕಿತ್ತುಕೊಂಡು ಬಾಗಿಲಿಗೆ ಅಗುಳಿ ಹಾಕಿದರು.

"ಮರಿ ಹಾರೋ ತನಕ ಈ ಕಡೆ ಯಾರೂ ಸುಳೀಬಾರ್ದು. ಹಿಂದಿನ ಬಾಗಿಲಲ್ಲಿ ಓಡಾಡಿ."

ಹಿಂದಿನ ಬಾಗಿಲಿಗೆ ಸೌದೆ ರಾಶಿ ದಾಟಿ, ಕೊಟ್ಟಿಗೆ ಬಳಸಿ, ಬಚ್ಚಲ ಒಲೆಯ ಹೊಗೆ ಕುಡಿದೇ ಹೋಗಬೇಕು.

"ಅಕ್ಕ, ಇದು ನನ್ನ ಮನೆ ಮಾರಾಯ್ತಿ," ಎಂದರು ಅಪ್ಪ.

"ಅದರದ್ದೂ ಹೌದು. ಮೆತ್ತಗೆ ಮಾತಾಡು."

ಅಂದಿನಿಂದ ಇಡೀ ಮನೆ ಪಿಸುಗುಟ್ಟತೊಡಗಿತು. ಟಿವಿಯ ಸದ್ದೂ ಅಡಗಿತು. ಸುದ್ದಿ ಓದುವವಳ ಮುಖ ನೋಡಿಯೇ ಅಪ್ಪ ಸರ್ಕಾರ ಉಳಿಯಿತೋ ಬಿತ್ತೋ ಎಂದು ಊಹಿಸಬೇಕಾಯಿತು.

ಇಂಥ ಹೊತ್ತಿನಲ್ಲೇ ಜಾವಳಿ ಕಡೆಯಿಂದ ನನ್ನನ್ನು ನೋಡಲು ಗಂಡಿನವರು ಬರಬೇಕೇ? ಅತ್ತೆ ಗೇಟಿನಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಂತು, ಅವರನ್ನೂ ಸೌದೆ ರಾಶಿ ದಾಟಿಸಿದರು. ಹುಡುಗನ ತಾಯಿಯ ರೇಷ್ಮೆ ಸೆರಗನ್ನು ಕೊಟ್ಟಿಗೆಯ ಕರು ಕೊಂಚ ರುಚಿ ನೋಡಿತು. ಒಳಗೆ ಕೂತ ಮೇಲೆ ನಮ್ಮ ಪಿಸುಮಾತು ಕೇಳಿ ಕೇಳಿ ಹುಡುಗನ ತಂದೆಗೆ ಅನುಮಾನ ಬಂತು.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಅತ್ತೆ ಮುಂದಕ್ಕೆ ಬಾಗಿ ಗುಟ್ಟಾಗಿ ಹೇಳಿದರು: "ಹಂಗೇನಿಲ್ಲ. ಬಾಣಂತನ ನಡೀತಿದೆ."

ಮನೆಯಲ್ಲಿದ್ದ ಒಬ್ಬಳೇ ಹುಡುಗಿ ನಾನು. ಬಂದವರೆಲ್ಲ ಒಟ್ಟಿಗೇ ನನ್ನ ಕಡೆ ತಿರುಗಿದರು.

ಸೂರಕ್ಕಿಯ ವಿಷಯ ವಿವರಿಸುವಷ್ಟರಲ್ಲಿ ಅವರು ಜೀಪು ಹತ್ತಿದ್ದರು. ಅಷ್ಟು ಗಲಾಟೆಯಲ್ಲೂ ತಟ್ಟೆಯ ಕೋಡುಬಳೆ ಪೂರ್ತಿ ಮುಗಿಸಿದ್ದ ಆ ಹುಡುಗ ನನಗೂ ಅಷ್ಟೇನೂ ಹಿಡಿಸಿರಲಿಲ್ಲ, ಅದು ಬೇರೆ ಮಾತು. ಅಮ್ಮ ಅತ್ತರು, ಪಾಪ, ಅದನ್ನೂ ಮೆತ್ತಗೆ ಅಳಬೇಕಾಯಿತು. ಅಪ್ಪನಂತೂ ಅತ್ತೆಯೊಡನೆ ಮಾತೇ ಬಿಟ್ಟರು.

ಮರಿಗಳಿಗೆ ಆಗಲೇ ರೆಕ್ಕೆ ಬಲಿಯುತ್ತಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಅತ್ತೆ ಕೊಂಚ ಕಣ್ಣು ಮುಚ್ಚಿದ್ದರು. ಹೊರಗೆ ಚೀರಾಟ ಕೇಳಿ ಓಡಿ ಬಾಗಿಲು ತೆಗೆದರೆ ವಯರು ಖಾಲಿ ತೂಗಾಡುತ್ತಿತ್ತು. ಕೆಂಬೂತವೊಂದು ಕೊಕ್ಕಿನಲ್ಲಿ ಮರಿ ಕಚ್ಚಿಕೊಂಡು ಕಾಫಿ ಗಿಡಗಳ ನಡುವೆ ನುಸುಳಿ ಹೋಯಿತು. ಕಂಡರೆ ಶುಭವೆಂದು ದಿನವೂ ಅದಕ್ಕೆ ಕೈ ಮುಗಿಯುತ್ತಿದ್ದವರು ಅತ್ತೆ. ಅವರು ಕೂಗಲಿಲ್ಲ, ಬೈಯಲೂ ಇಲ್ಲ. ಜಗಲಿಯಲ್ಲಿ ಹರಡಿದ್ದ ಗೂಡಿನ ಚೂರುಗಳನ್ನು ಮಡಿಲಿಗೆ ಆರಿಸಿಕೊಂಡು ಹೊಸ್ತಿಲ ಪಕ್ಕ ಕೂತರು.

"ಇನ್ನು ಇಲ್ಲೇ ಓಡಾಡಿ. ಗಟ್ಟಿಯಾಗಿ ಮಾತಾಡಿ."



ಸಂಜೆ ಅಪ್ಪ ತೋಟದಿಂದ ಬಂದರು. ಮುಂಬಾಗಿಲು ಹಾರುಹೊಡೆದಿತ್ತು. ಖಾಲಿ ವಯರನ್ನೂ ಅಕ್ಕನ ಮಡಿಲನ್ನೂ ನೋಡಿ ಒಂದು ಗಳಿಗೆ ಅಂಗಳದಲ್ಲೇ ನಿಂತರು. ಆಮೇಲೆ ತಿರುಗಿ ಸೌದೆ ರಾಶಿ ದಾಟಿದರು. ಬಚ್ಚಲ ಹೊಗೆಯಲ್ಲಿ ಅವರು ಕೆಮ್ಮಿದ್ದು ನಮಗೆ ಕೇಳಿಸಿತು. ಹಿಂದಿನ ಬಾಗಿಲಿನಿಂದ ಒಳಬಂದು, ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಪಿಸುದನಿಯಲ್ಲೇ ಕೇಳಿದರು:

"ಅಕ್ಕ, ಕಾಫಿ ಕುಡಿದ್ಯಾ?"