ನಾಲ್ಕನೇ ಗೇರು

ದನದ ಡಾಕ್ಟರಾದವನು ರೇಸಿನ ಕಾರು ಇಟ್ಟುಕೊಂಡರೆ ನಗೆಪಾಟಲಾಗಲು ಮುಹೂರ್ತ ನೋಡಬೇಕಾಗಿಲ್ಲ. ಬೆಳಿಗ್ಗೆ ಎದ್ದು ಕೀಲಿ ತಿರುಗಿಸಿದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದ ನಡುವಿನಿಂದ ಎಂಬತ್ತರ ದಶಕದವರೆಗೂ ನನಗೆ ಆಗುತ್ತಲೇ ಇತ್ತು.

ಸರ್ಕಾರಿ ದನದ ಡಾಕ್ಟರಿಗೆ ರೇಸಿನ ಕಾರು ಯಾಕೆ ಬೇಕಿತ್ತು ಅಂತ ನೀವು ಕೇಳುತ್ತೀರಿ. ಆಗ ಸ್ಕೂಟರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಬರೆಸಿದ್ದೆ, ಕಾಯುತ್ತಿದ್ದೆ. ಕೆಲಸ ಮಾತ್ರ ಹಳ್ಳಿ ಹಳ್ಳಿ ತಿರುಗುವುದು. ಸೈಕಲ್ ತುಳಿದುಕೊಂಡು ಹೋಗುವಷ್ಟರಲ್ಲಿ ಕರು ತಾನೇ ಹುಟ್ಟಿ, ಎದ್ದು, ಹಾಲು ಕುಡಿಯುತ್ತಾ ನಿಂತಿರುತ್ತಿತ್ತು. ನಾನು ಮೊದಲು ಕೆಲಸಕ್ಕೆ ಸೇರಿದ್ದು ಚಿಕ್ಕಮಗಳೂರಿನ ಕಡೆ. ಅಲ್ಲಿ ಒಬ್ಬ ತೋಟದ ಸಾಹುಕಾರರು ಹರೆಯದಲ್ಲಿ ರೇಸಿಗೆ ಓಡಿಸಿದ್ದ ಇಂಗ್ಲೆಂಡಿನ ಕಾರು ಅವರ ಕೊಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ನಾನು ಹೊನ್ನಾಳಿಗೆ ವರ್ಗವಾಗಿ ಹೊರಟಾಗ, “ತಗೊಂಡು ಹೋಗಿ ಡಾಕ್ಟ್ರೇ, ಓಡಿಸೋರ ಕೈಯಲ್ಲಿ ಇರ್ಲಿ” ಎಂದು ಕೀಲಿ ಕೊಟ್ಟರು.

ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು, ತಲೆ ಮೇಲೆ ಮಡಚುವ ಬಟ್ಟೆ. ನೆಲದಿಂದ ಗೇಣೆತ್ತರ. ನಾಲ್ಕು ಗೇರು. ನಾಲ್ಕನೆಯದಕ್ಕೆ ಹಾಕಿದ ಮೇಲೇ ಅದಕ್ಕೆ ಜೀವ ಬರುವುದು ಅಂತ ಸಾಹುಕಾರರು ಹೇಳಿದ್ದರು. ನಮ್ಮ ಕಡೆಯ ಗುಂಡಿ ರಸ್ತೆಗಳೋ, ಎರಡನೇ ಗೇರು ದಾಟಲು ಬಿಡುತ್ತಿರಲಿಲ್ಲ.

ಹೊಸದಾಗಿ ಮದುವೆಯಾಗಿ ಬಂದ ನನ್ನ ಹೆಂಡತಿ ಮೊದಲ ದಿನವೇ ಗೇರಿನ ಗುಂಡಿನ ಮೇಲಿನ ಅಂಕಿಗಳನ್ನು ನೋಡಿ, “ಈ ನಾಕು ಯಾತಕ್ಕೈತ್ರಿ?” ಎಂದಳು. ವಿವರಿಸಿದೆ. “ಒಂದ್ಸಲ ಅದ್ರಾಗೆ ಕರ್ಕೊಂಡ್ ಹೋಗ್ರಿ. ತುರುಬು ಬಿಚ್ಚಿ ಕೂದ್ಲು ಹಾರ್ಬೇಕು” ಎಂದಳು. ಬಂಗಾರ ಕೇಳಿದವಳಲ್ಲ, ರೇಷ್ಮೆ ಕೇಳಿದವಳಲ್ಲ. ಕೇಳಿದ್ದು ಅದೊಂದೇ. ಅದೇನು ಮಹಾ ಎಂದು ಮಾತು ಕೊಟ್ಟುಬಿಟ್ಟೆ.

೧. ಮೆರವಣಿಗೆ

ತೆರೆದ ಕಾರು ಬಂದಿದೆ ಎಂಬ ಸುದ್ದಿ ಹೊನ್ನಾಳಿಯಲ್ಲಿ ಹಬ್ಬಲು ಒಂದು ಸಂತೆ ಸಾಕಾಯಿತು. ಮದುವೆ ಇಟ್ಟುಕೊಂಡವರೆಲ್ಲ ದವಾಖಾನೆಗೆ ಬರತೊಡಗಿದರು. ದನ ಹಿಡಿದುಕೊಂಡಲ್ಲ, ಲಗ್ನಪತ್ರಿಕೆ ಹಿಡಿದುಕೊಂಡು.

“ಡಾಕ್ಟ್ರೇ, ಹುಡುಗನ್ನ ನಿಮ್ ಗಾಡ್ಯಾಗೇ ಮೆರೆಸ್ಬೇಕು ಅಂತ ಮಾಡೀವಿ. ಇಲ್ಲ ಅನ್ಬ್ಯಾಡ್ರಿ.”

ಹೇಗೆ ಇಲ್ಲ ಅನ್ನಲಿ? ನಾಳೆ ಅವರ ಕೊಟ್ಟಿಗೆಗೇ ಹೋಗಬೇಕಾದವನು ನಾನು. ಮುಂದೆ ವಾಲಗ, ಹಿಂದೆ ಹೆಣ್ಣುಮಕ್ಕಳು, ನಡುವೆ ಮೊದಲನೇ ಗೇರಿನಲ್ಲಿ ನಾನು. ಇರುವುದು ಎರಡೇ ಸೀಟಾದ್ದರಿಂದ ಮದುಮಗನನ್ನು ಎಲ್ಲರಿಗೂ ಕಾಣುವಂತೆ ಹಿಂದೆ ಮಡಚಿದ ಬಟ್ಟೆಯ ಮೇಲೆ ಕೂರಿಸಿ, ನನ್ನ ಪಕ್ಕದ ಸೀಟನ್ನು ಹುಡುಗನ ಸೋದರಮಾವನಿಗೆ ಕೊಡುತ್ತಿದ್ದರು. ಆ ಬೇಸಿಗೆಯಲ್ಲಿ ನನ್ನ ರೇಸಿನ ಕಾರು ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು.

ಒಂದು ಮದುವೆಯಲ್ಲಿ ಹೆಣ್ಣಿನ ಮನೆಯ ಹತ್ತಿರ ಬಂದಾಗ ವಾಲಗದವರಿಗೆ ಹುರುಪು ಬಂದು, ನಿಂತಲ್ಲೇ ನಿಂತು ಊದತೊಡಗಿದರು. ಮುಗಿಸುವ ಲಕ್ಷಣವೇ ಇಲ್ಲ. ಕಾರಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. “ನೀರು ತರ್ರಿ” ಎಂದೆ. ಸೋದರಮಾವ ಚುರುಕಿನ ಆಸಾಮಿ. ಹೆಣ್ಣಿನ ಮನೆ ಬಾಗಿಲಲ್ಲಿ ದೃಷ್ಟಿ ತೆಗೆಯಲು ಅರಿಶಿನ ಸುಣ್ಣ ಕಲಸಿ ಬಿಂದಿಗೆ ತುಂಬ ಓಕುಳಿ ನೀರು ಇಟ್ಟಿದ್ದರು. ಮುತ್ತೈದೆಯರು ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ ಅದನ್ನು ಎತ್ತಿಕೊಂಡು ಬಂದು ರೇಡಿಯೇಟರಿಗೆ ಸುರಿದೇ ಬಿಟ್ಟರು. ಗಾಡಿ ತಣ್ಣಗಾಯಿತು, ಮದುವೆಯೂ ಆಯಿತು.

ಮರುದಿನದಿಂದ ಕಾರು ನಿಂತಲ್ಲೆಲ್ಲ ಕೆಂಪು ನೀರು ತೊಟ್ಟಿಕ್ಕಲು ಶುರುವಾಯಿತು. ಆಗ ತಾಲ್ಲೂಕಿನ ದನಗಳಿಗೂ ಉಣ್ಣೆ ಹುಳ ಕಚ್ಚಿ ಕೆಂಪು ಮೂತ್ರದ ರೋಗ ಬಂದಿತ್ತು. ನನಗೆ ಉಸಿರಾಡಲು ಪುರುಸೊತ್ತಿಲ್ಲ. ಹೇಗೋ ಬಿಡುವು ಮಾಡಿಕೊಂಡು ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸಿದೆ. ಅವನು ಗಾಡಿ ಕೆಳಗೆ ತೂರಿ ಬಹಳ ಹೊತ್ತು ನೋಡಿ, ಎದ್ದು ಬಂದು ಕೈ ಒರೆಸಿಕೊಂಡ.

“ಕೆಂಪಗೆ ಉಚ್ಚೆ ಹೊಯ್ತಾ ಐತ್ರಿ ಡಾಕ್ಟ್ರೇ. ಇದು ನಿಮ್ ಇಲಾಖೇದು, ನಂದಲ್ಲ.”

೨. ಸುಖ ಪ್ರಯಾಣ

ಚನ್ನಗಿರಿಗೆ ವರ್ಗವಾದ ಮೇಲೆ ಊರ ಹೊರಗೆ ಹೊಸದಾಗಿ ಟಾರು ಹಾಕಿದ ರಸ್ತೆಯೊಂದು ಕಣ್ಣಿಗೆ ಬಿತ್ತು. ಒಂದು ಭಾನುವಾರ ಹೆಂಡತಿಗೆ, “ನಡಿ, ಇವತ್ತು ನಾಲ್ಕು” ಎಂದೆ. ಅವಳು ಪಿನ್ನು ಗಿನ್ನು ಎಲ್ಲ ತೆಗೆದು ಸಡಿಲ ತುರುಬು ಕಟ್ಟಿಕೊಂಡು ಬಂದು ಕೂತಳು.

ಒಂದು, ಎರಡು, ಮೂರು. ಗಾಡಿಯ ದನಿಯೇ ಬದಲಾಯಿತು. ನಾಲ್ಕಕ್ಕೆ ಎಂದು ಕೈ ಎತ್ತಿದ್ದೇನೆ, ರಸ್ತೆ ನಡುವೆ ಒಬ್ಬ ರೈತ ಎರಡೂ ಕೈ ಅಗಲಿಸಿ ನಿಂತಿದ್ದಾನೆ. ಬ್ರೇಕ್ ಒತ್ತಿದೆ.

“ಒಳ್ಳೆ ಟೈಮಿಗೆ ಸಿಕ್ಕಿದ್ರಿ. ಎಮ್ಮೆ ನಿನ್ನೆಯಿಂದ ಮೇವು ಮುಟ್ಟಿಲ್ರೀ.”

ಎಮ್ಮೆಯ ಸಗಣಿ, ಕೊಂಬು, ಕಿವಿ ಎಲ್ಲದರ ವಿಚಾರಣೆ ಮುಗಿಸಿ ಹೊರಟರೆ ಮತ್ತೊಬ್ಬ ಕೈ ಅಡ್ಡ ಹಿಡಿದ. ಅವನದು ಹೋರಿ. ಆಮೇಲೆ ಅಡಿಕೆ ಮಂಡಿಯ ಸಾಹುಕಾರರೊಬ್ಬರು, ಮೈಕೈ ತುಂಬಿದವರು, ಬಗಲಲ್ಲಿ ಅಡಿಕೆ ಚೀಲ ಬೇರೆ. ಬಸ್ಸು ತಪ್ಪಿತಂತೆ. ಊರಿಗೆ ದೊಡ್ಡವರು, ಬಿಟ್ಟು ಹೋಗುವುದಾದರೂ ಹೇಗೆ? ನನ್ನವಳು ಏಳಲು ಹೋದಳು. “ಬ್ಯಾಡ ಕಣಮ್ಮ, ನೀವು ಕೂತ್ಕಳ್ರಿ” ಎಂದು ಅವರೇ ಹಿಂದೆ ಬಟ್ಟೆಯ ಮೇಲೆ ಹತ್ತಿ ಕೂತರು. ಕಾರು ಹಿಂದಕ್ಕೆ ಕುಸಿದು ಮೂತಿ ಮೇಲಕ್ಕೆ ಎತ್ತಿತು. ಹೊಟ್ಟೆ ರಸ್ತೆಗೆ ಉಜ್ಜುತ್ತಿದೆ. ಎರಡನೇ ಗೇರಿಗೆ ಹಾಕಲೂ ಭಯ. ಹೆಂಡತಿ ನನ್ನ ಕಡೆ ನೋಡಲೇ ಇಲ್ಲ. ಪಿನ್ನುಗಳನ್ನು ಒಂದೊಂದಾಗಿ ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದಳು.

ಮಂಡಿ ಮುಂದೆ ಇಳಿದ ಸಾಹುಕಾರರು ಪಂಚೆ ಸರಿಮಾಡಿಕೊಂಡು ಮನಸ್ಸು ತುಂಬಿ ಹೇಳಿದರು.

“ಬಾಳ ಸುಖ ಆತು ಡಾಕ್ಟ್ರೇ. ಎತ್ತಿನ ಗಾಡ್ಯಾಗೂ ಇಷ್ಟು ನಿಧಾನ ಬಂದಿರ್ಲಿಲ್ಲ ನಾನು.”

೩. ತಳ್ಳುವವರು

ನ್ಯಾಮತಿಗೆ ಬರುವ ಹೊತ್ತಿಗೆ ಕಾರಿಗೆ ವಯಸ್ಸಾಗಿತ್ತು. ತಳ್ಳದೆ ಸ್ಟಾರ್ಟ್ ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಎದುರು ಮನೆ ಮೇಷ್ಟ್ರು, ಪಕ್ಕದ ಮನೆಯ ಪೋಸ್ಟ್ ಮಾಸ್ಟರು, ಕಿರಾಣಿ ಅಂಗಡಿಯವರು ಬಂದು ತಳ್ಳಿಕೊಡುತ್ತಿದ್ದರು. ಮೇಷ್ಟ್ರು “ಹೂಂ” ಎಂದರೆ ಎಲ್ಲರೂ ಕೈ ಹಚ್ಚಬೇಕು. ಗಾಡಿ ಹೊತ್ತಿಕೊಂಡ ಮೇಲೆ ಎಲ್ಲರೂ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಊರ ಸುದ್ದಿಯೆಲ್ಲ ಮಾತಾಡಿ ಹೋಗುತ್ತಿದ್ದರು. ಗೋವಿನಕೋವಿಯಿಂದ ಅವಸರಕ್ಕೆ ಕರೆಯಲು ಬಂದವರೂ ಮೊದಲು ತಳ್ಳಿ, ಆಮೇಲೆ ವಿಷಯ ಹೇಳುತ್ತಿದ್ದರು.

ನನಗೋ ನಾಚಿಕೆ. ಶಿವಮೊಗ್ಗದಿಂದ ಹೊಸ ಬ್ಯಾಟರಿ ತಂದು ಹಾಕಿಸಿದೆ. ಮಾರನೆ ದಿನ ಕೀಲಿ ತಿರುಗಿಸಿದ ತಕ್ಷಣ ಗಾಡಿ ಗುರ್ ಎಂದಿತು. ತಳ್ಳಲು ಬಂದವರು ಬೀದಿಯಲ್ಲೇ ನಿಂತರು. ಯಾರೂ ಕಾಫಿಗೆ ಬರಲಿಲ್ಲ. ಸಂಜೆ ಮೇಷ್ಟ್ರು ಒಬ್ಬರೇ ಬಂದು ಬಾಗಿಲಲ್ಲಿ ನಿಂತರು.

“ನಮ್ಮಿಂದ ಏನಾರ ತಪ್ಪಾತೇನ್ರಿ ಡಾಕ್ಟ್ರೇ?”

ಒಳಗಿನಿಂದ ಹೆಂಡತಿಯೇ ಉತ್ತರ ಕೊಟ್ಟಳು. “ಇಲ್ರೀ ಮೇಷ್ಟ್ರೇ, ಆ ಬ್ಯಾಟ್ರಿ ಸರಿ ಇಲ್ಲಂತೆ. ನಾಳೆ ಬರ್ರಿ.”

ಆಮೇಲೆ ನ್ಯಾಮತಿಯಲ್ಲಿ ಇದ್ದಷ್ಟು ದಿನವೂ ನಾನು ಮನೆ ಮುಂದೆ ಕೀಲಿ ತಿರುಗಿಸಲಿಲ್ಲ.

ಈಗ ನಮ್ಮಲ್ಲಿ ಐದು ಗೇರಿನ ಕಾರಿದೆ. ಬೆರಳು ತಾಗಿಸಿದರೆ ಸಾಕು, ಹೊರಡುತ್ತದೆ. ಹೊರಟಿದ್ದು ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ. ಮೊದಲ ತಿರುವಿಗೇ ನನ್ನವಳು ನಿದ್ದೆ ಹೋಗಿರುತ್ತಾಳೆ. ಆ ಕೆಂಪು ಗಾಡಿಯಲ್ಲಿ ಅವಳು ಒಂದು ದಿನವೂ ಕಣ್ಣು ಮುಚ್ಚಿದ್ದಿಲ್ಲ. ಅದು ಬೇಕು ಅನ್ನಿಸುತ್ತದೆ ನನಗೆ, ಅದರ ಸಗಣಿ-ಪೆಟ್ರೋಲಿನ ವಾಸನೆ ಸಮೇತ. ಆ ಮೇಷ್ಟ್ರ “ಹೂಂ” ಕೂಡಾ ಬೇಕು.

೪. ಹುರುಳಿ

ಜಗಳೂರಿಗೆ ವರ್ಗವಾಯಿತು ಎಂದಾಗ ಎಲ್ಲರೂ ಅಯ್ಯೋ ಪಾಪ ಎಂದರು. ನಾವಿಬ್ಬರು ಮಾತ್ರ ಒಳಗೊಳಗೇ ಹಿಗ್ಗಿದೆವು. ಬಯಲು ಸೀಮೆ. ರಸ್ತೆಗಳು ನೇರ, ಜನ ಕಡಿಮೆ. ಹೊಸಬ ಡಾಕ್ಟರನ್ನು ಗುರುತು ಹಿಡಿದು ಅಡ್ಡಗಟ್ಟುವವರಿನ್ನೂ ಇಲ್ಲ.

ಒಂದು ಬೆಳಿಗ್ಗೆ ಹೊರಟೆವು. ಅವಳ ತುರುಬಿಗೆ ಒಂದು ಪಿನ್ನೂ ಇಲ್ಲ. ಮೂರನೇ ಗೇರಿನಲ್ಲಿ ದಿಬ್ಬ ಏರಿದರೆ ಮುಂದೆ ಕಣ್ಣು ಹರಿಯುವಷ್ಟು ದೂರ ನೇರ ರಸ್ತೆ. ಆದರೆ ರಸ್ತೆ ಕಾಣುತ್ತಿಲ್ಲ. ಟಾರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಹುರುಳಿ ಬಳ್ಳಿ ಹಾಸಿದ್ದಾರೆ. ಕಣ ಮಾಡುವ ಕಷ್ಟ ಯಾಕೆ, ಬಸ್ಸು ಲಾರಿ ಹರಿದು ಕಾಳು ಉದುರಲಿ ಎಂದು ಆ ಕಡೆಯವರ ಲೆಕ್ಕ. ನಿಲ್ಲಿಸುವಷ್ಟರಲ್ಲಿ ನಾವು ಹುರುಳಿಯ ನಡುವೆ ಇದ್ದೆವು. ಗೇಣೆತ್ತರದ ಗಾಡಿ, ಬಳ್ಳಿಯೆಲ್ಲ ಹೊಟ್ಟೆ ಕೆಳಗೆ ಸೇರಿಕೊಂಡು ಚಕ್ರಕ್ಕೆ ಸುತ್ತಿ, ನಮ್ಮಿಬ್ಬರ ತಲೆ ಮೇಲೂ ಹೊಟ್ಟು.

ರಸ್ತೆ ಬದಿಯಿಂದ ಒಬ್ಬ ಅಜ್ಜಿ ಎದ್ದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ಕಾರಿನ ಕೆಳಗೆ ಕೈ ಹಾಕಿ ಒಂದು ಮುಷ್ಟಿ ಕಾಳು ತೆಗೆದು ಊದಿ ನೋಡಿದಳು.

“ಲಾರಿ ಮೇಲ್ ಮೇಲೇ ಹೋಗಿಬಿಡ್ತಾವಪ್ಪ. ಇದು ಬಗ್ಗಿ ಒಕ್ತೈತೆ ನೋಡು. ಇನ್ನೊಂದು ಸುತ್ತು ಹೊಡಿ, ನಿಂಗೆ ಪುಣ್ಯ ಬರ್ಲಿ.”

ನಾನು ಸಿಟ್ಟಿನಿಂದ, “ಅಜ್ಜಿ, ಇದು ರೇಸಿನ ಗಾಡಿ” ಎಂದೆ.

“ಆಗ್ಲಿ ಬಿಡು, ಕಾಳಿಗೇನು ಗೊತ್ತಾಗ್ತೈತೆ? ಹಿಂದಕ್ಕೂ ಬರ್ತೈತಾ ಇದು?”

ನಾನು ಬಾಯಿ ತೆಗೆಯುವ ಮೊದಲೇ ಪಕ್ಕದಿಂದ ನನ್ನ ಹೆಂಡತಿ, “ಬರ್ತೈತೆ ಅಜ್ಜಿ” ಎಂದು ಬಾಗಿಲು ತೆಗೆದು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಧ್ಯಾಹ್ನದವರೆಗೆ ನಾನು ಹಿಂದಕ್ಕೂ ಮುಂದಕ್ಕೂ ಹೊಡೆದೆ, ಅವಳು ಅಜ್ಜಿಯ ಜೊತೆ ತೂರಿದಳು. ರಾತ್ರಿ ಮನೆಯಲ್ಲಿ ಹುರುಳಿ ಸಾರು. ನಾಲ್ಕನೇ ಗೇರಿಗೆಂದು ಹೋದವನು ರಿವರ್ಸ್ ಗೇರಿನಲ್ಲಿ ದುಡಿದು ತಂದ ಹುರುಳಿ.

೫. ಲೈಸೆನ್ಸು

ಕೊನೆಗೆ ಕಾರಿನ ಎಂಜಿನ್ನು ಸತ್ತಿತು. ಸಾಮಾನು ಎಲ್ಲೂ ಸಿಗಲಿಲ್ಲ. ಅದೇ ತಿಂಗಳು, ಎಂದೋ ಹೆಸರು ಬರೆಸಿ ನಾನೇ ಮರೆತಿದ್ದ ಸ್ಕೂಟರು ಬಂತು. ಹಳೇ ಕಾರುಗಳನ್ನು ಕೂಡಿಹಾಕುವ ಹುಬ್ಬಳ್ಳಿಯ ಒಬ್ಬರು ಗಾಡಿ ತಮಗಿರಲಿ ಎಂದು ಲಾರಿ ಕಳಿಸಿದರು. ಹೆಂಡತಿ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನನಗೂ ಅನ್ನ ಸೇರುತ್ತಿರಲಿಲ್ಲ. ಕೊಟ್ಟ ಒಂದೇ ಒಂದು ಮಾತು, ಅದೂ ನಡೆಯದೆ ಗಾಡಿ ಹೊರಟು ನಿಂತಿತ್ತು.

ಮಣ್ಣಿನ ದಿಣ್ಣೆಗೆ ಲಾರಿ ಆನಿಸಿ, ಊರವರೆಲ್ಲ ಸೇರಿ ಕಾರನ್ನು ಮೇಲೆ ತಳ್ಳಿದರು. ಕಟ್ಟಲು ತಂದಿದ್ದ ಹಗ್ಗ ಸಾಲದು, ಕೈ ಬ್ರೇಕು ಮೊದಲೇ ಹಿಡಿಯುವುದಿಲ್ಲ. ಲಾರಿ ಡ್ರೈವರು ತಲೆ ಕೆರೆದುಕೊಂಡ. “ದಾವಣಗೆರೆಗೆ ಹೋದ್ರೆ ಸರಪಳಿ ಸಿಗ್ತೈತ್ರಿ. ಅಲ್ಲೀತನಕ ಯಾರಾರ ಒಳಗೆ ಕೂತು ಬ್ರೇಕ್ ತುಳ್ಕಂಡಿರ್ಬೇಕು.”

ನನ್ನ ಗಾಡಿಯ ಬ್ರೇಕನ್ನು ಬೇರೆ ಯಾರು ತುಳಿಯುತ್ತಾರೆ? ಹತ್ತಿ ಕೂತೆ. ಆ ಕಡೆಯ ಬಾಗಿಲು ತೆರೆಯಿತು. ಹೆಂಡತಿ.

“ನೀನೆಲ್ಲಿಗೆ?”

“ಸುಮ್ನೆ ಕೂತ್ಕಳ್ರಿ. ನಾನೂ ಬರ್ತೀನಿ.”

ಲಾರಿ ಹೊರಟಿತು. ಹುರುಳಿ ಒಕ್ಕಣೆಯ ಕಾಲವಲ್ಲ, ರಸ್ತೆ ಖಾಲಿ. ಡ್ರೈವರಿಗೆ ಕತ್ತಲಾಗುವುದರೊಳಗೆ ದಾವಣಗೆರೆ ಮುಟ್ಟುವ ಅವಸರ. ಗಾಳಿ ಮುಖಕ್ಕೆ ರಪ ರಪ ಹೊಡೆಯತೊಡಗಿತು. ನಾನು ಹೆಂಡತಿಯ ಮುಖ ನೋಡಿದೆ, ಅವಳು ಗೇರಿನ ಗುಂಡು ನೋಡಿದಳು. ಕ್ಲಚ್ ಒತ್ತಿ, ಒಂದು, ಎರಡು, ಮೂರು, ಆಮೇಲೆ ನಾಲ್ಕಕ್ಕೆ ಹಾಕಿದೆ. ಅವಳ ತುರುಬು ಬಿಚ್ಚಿಹೋಯಿತು. ಕೂದಲೆಲ್ಲ ನನ್ನ ಕಣ್ಣಿಗೆ, ಬಾಯಿಗೆ. ಅವಳು ನಗುತ್ತಿದ್ದಳು, ನಗುತ್ತಲೇ ಅಳುತ್ತಿದ್ದಳು. ನನಗೂ ಕಣ್ಣು ತುಂಬಿ ರಸ್ತೆ ಮಂಜಾಯಿತು. ಪುಣ್ಯಕ್ಕೆ ಓಡಿಸುತ್ತಿದ್ದವನು ಕೆಳಗಿದ್ದ.

ದಾರಿಯಲ್ಲಿ ಒಂದು ಬಸ್ಸು ನಮ್ಮನ್ನು ಹಿಂದೆ ಹಾಕಲು ನೋಡಿತು. ಕಿಟಕಿಗಳಲ್ಲಿ ತಲೆಗಳೋ ತಲೆಗಳು. ನನ್ನವಳು ನನ್ನ ತೋಳು ಹಿಡಿದು, “ರೀ, ಸೈಡ್ ಕೊಡಬ್ಯಾಡ್ರಿ” ಎಂದಳು. ನಾನು ಸ್ಟೇರಿಂಗನ್ನು ಗಟ್ಟಿ ಹಿಡಿದೆ.

ದಾವಣಗೆರೆ ಹತ್ತಿರ ಬಂದಾಗ ಪೊಲೀಸರು ಲಾರಿಗೆ ಕೈ ತೋರಿಸಿದರು. ವಯಸ್ಸಾದ ಕಾನ್‌ಸ್ಟೇಬಲ್ಲು ಡ್ರೈವರನ ಲೈಸೆನ್ಸು ನೋಡಿ, ಜೋರಾಗಿ ಬಂದದ್ದಕ್ಕೆ ಬೈದರು. ಆಮೇಲೆ ಕತ್ತೆತ್ತಿ ನಮ್ಮನ್ನು ನೋಡಿದರು. ಕೆದರಿದ ತಲೆಯ ಹೆಂಗಸು, ಸ್ಟೇರಿಂಗ್ ಹಿಡಿದ ಗಂಡಸು. ಸ್ವಲ್ಪ ಯೋಚನೆ ಮಾಡಿದರು. ಆಮೇಲೆ ಕೈ ಮೇಲೆ ಚಾಚಿದರು.

“ನಿಮ್ದು ತೋರಿಸ್ರಿ.”

ಬಗ್ಗಿ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಸರಿಯಾಗಿದೆ ಎಂದು ವಾಪಸು ಕೊಟ್ಟರು.

“ಸಂಸಾರಸ್ಥರು, ಪಕ್ಕದಾಗೆ ಹೆಣ್ಮಕ್ಕಳು ಅದಾರೆ. ಸ್ವಲ್ಪ ನಿಧಾನಕ್ಕೆ ಹೋಗೋದ್ ಕಲೀರಿ.”

“ಆಗ್ಲಿ ಸರ್” ಎಂದೆ. ಆ ಗಾಡಿಯಲ್ಲಿ ಕೂತ ನನಗೆ ನಿಧಾನ ಹೋಗು ಎಂದು ಹೇಳಿದವರು ಅವರೊಬ್ಬರೇ.

ಇವತ್ತಿಗೂ ಮನೆಗೆ ಯಾರಾದರೂ ಬಂದು ಅವರ ಹೊಸ ಕಾರಿನ ಸ್ಪೀಡು ಹೇಳಿಕೊಂಡರೆ, ನನ್ನ ಹೆಂಡತಿ ಒಳಗಿನಿಂದ ಕಾಫಿ ತರುತ್ತಾ ಸಮಾಧಾನವಾಗಿ ಹೇಳುತ್ತಾಳೆ: “ನಮ್ ಯಜಮಾನ್ರನ್ನ ಜೋರಾಗಿ ಹೋಗಿದ್ದಕ್ಕೆ ಪೊಲೀಸ್ರೇ ಹಿಡಿದಿದ್ರು. ಪಕ್ಕದಾಗೆ ನಾನೇ ಕೂತಿದ್ದೆ.”