ಕರಿಯನಿಗೆ ಪ್ರವೇಶ ಉಂಟು

ಗುಂಡ್ಲುಪೇಟೆಯ ಈರುಳ್ಳಿ ಬೆಳೆಗಾರರ ಸಂಘಕ್ಕೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ರಾಜಶೇಖರ್ ಸೋಮವಾರ ಸಂಜೆ ಕರಿಯನ ಬಾಲ ತುಳಿದರು. ಕರಿಯ ಸುಮ್ಮನಿದ್ದ. ಕಿರುಚಿದ್ದು ಮ್ಯಾನೇಜರ್.

"ನಾಯಿಗೆ ಆಫೀಸಲ್ಲೇನ್ರಿ ಕೆಲಸ?" ಎಂದರು.

"ಸಾರ್, ನನಗೆ ಕಣ್ಣು ಕಾಣಲ್ಲ. ದಾರಿ ತೋರಿಸೋದು ಅವನೇ" ಎಂದ ಸಂಘದ ಫೋನ್ ನೋಡಿಕೊಳ್ಳುವ ಮೃತ್ಯುಂಜಯ.

"ಹಾಗಂತ ಪತ್ರ ಇದೆಯಾ? ನಾಳೆ ರಜಾ ಹಾಕಿ ಚಾಮರಾಜನಗರಕ್ಕೆ ಹೋಗಿ, ಅಂಗವಿಕಲರ ಇಲಾಖೆಯ ಜಿಲ್ಲಾ ಅಧಿಕಾರಿ ಹತ್ರ ಪತ್ರ ತನ್ನಿ. ಪತ್ರ ಇಲ್ಲದೆ ನಾಯಿ ಈ ಬಾಗಿಲು ದಾಟೋ ಹಾಗಿಲ್ಲ."

ಕರಿಯ ಬರುವ ಮೊದಲು ಹತ್ತು ವರ್ಷ ಮೃತ್ಯುಂಜಯನನ್ನು ಸಂಘಕ್ಕೆ ತಲುಪಿಸುತ್ತಿದ್ದವಳು ಪಕ್ಕದ ಮನೆಯ ಗುರುಮಲ್ಲಮ್ಮ. ಸೊಪ್ಪು ಮಾರಲು ಹೋಗುವಾಗ ಅವನ ಮಣಿಕಟ್ಟು ಹಿಡಿದು ಹೊರಡುತ್ತಿದ್ದಳು. ಒಳ್ಳೆಯ ಹೆಂಗಸು. ಆದರೆ ದಾರಿಯ ಪ್ರತಿ ಜಗಲಿಯ ಮುಂದೆಯೂ ನಿಲ್ಲುತ್ತಿದ್ದಳು. ಯಾರ ಸೊಸೆ ಮುನಿಸಿಕೊಂಡಳು, ಯಾರ ಹಸು ಗಬ್ಬ ನಿಲ್ಲಲಿಲ್ಲ, ಎಲ್ಲವೂ ಮುಗಿಯುವವರೆಗೆ ಮೃತ್ಯುಂಜಯ ಅವಳ ಕೈಚೀಲದಂತೆ ಪಕ್ಕದಲ್ಲಿ ನಿಂತಿರಬೇಕು. ಎಂಟು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ಕರಿಯ ತರಬೇತಿ ಕೇಂದ್ರದಿಂದ ಬಂದು ಎಂಟು ತಿಂಗಳಾಗಿತ್ತು. ಬೆನ್ನಿಗೆ ಹಿಡಿಯಿರುವ ಬೆಲ್ಟು ಕಟ್ಟಿದರೆ ಅವನು ಮೂಳೆ ಕಂಡರೂ ಮೂಸುತ್ತಿರಲಿಲ್ಲ. ಬೆಲ್ಟು ಬಿಚ್ಚಿದರೆ ಡ್ಯೂಟಿ ಮುಗಿಯಿತೆಂದು ಬೀದಿಯ ಬೇರೆ ಯಾವ ನಾಯಿಗೂ ಕಡಿಮೆಯಿಲ್ಲದಂತೆ ತಿನ್ನುತ್ತಿದ್ದ. ಅವನ ಬೆಲ್ಟು ಹಿಡಿದು ಮೊದಲ ಸಲ ಒಬ್ಬನೇ ಸಂಘಕ್ಕೆ ಹೋದ ದಿನ ಮೃತ್ಯುಂಜಯ ಬಾಗಿಲವರೆಗೆ ಬಂದು, ಖುಷಿ ತಡೆಯಲಾರದೆ, ಮನೆಗೆ ವಾಪಸು ಹೋಗಿ ಮತ್ತೊಮ್ಮೆ ಬಂದಿದ್ದ. ಆ ಖುಷಿ ಈಗ ಒಂದು ಪತ್ರದ ಮೇಲೆ ನಿಂತಿತ್ತು.

ಮಂಗಳವಾರ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ಕೈ ಅಡ್ಡ ಹಿಡಿದ.

"ನಾಯ್ನ ಹತ್ತಿಸ್ಬ್ಯಾಡಿ."

"ದಾರಿ ತೋರ್ಸೋ ನಾಯಿ ಕಣಣ್ಣ. ಕಾನೂನೇ ಅದೆ."

"ಕಾನೂನ್ನ ಬೇಕಾದ್ರೆ ಹತ್ತಿಸ್ಕತೀನಿ, ನಾಯ್ನ ಹತ್ತಿಸ್ಕಳಲ್ಲ!"

"ನನ್ ಕೋಳಿ ಎದುರ್ಕತವೆ ಕಣಪ್ಪ, ಅವ್ಕೂ ಟಿಕೆಟ್ ತಗಂಡಿವ್ನಿ" ಎಂದು ಒಳಗಿನಿಂದ ಒಬ್ಬಳು ಕೂಗಿದಳು. ಬಸ್ಸು ಹೊರಟುಹೋಯಿತು.

ಮುಂದಿನ ಬಸ್ಸಿನವರೆಗೆ ಟೀ ಕುಡಿಯೋಣವೆಂದರೆ ಹೋಟೆಲಿನ ಮರಿಯಯ್ಯ ಎದ್ದು ಬಂದ. "ನೀವ್ ಬನ್ನಿ ಸಾ. ನಾಯ್ನ ಆ ಕಂಬಕ್ಕೆ ಕಟ್ಬುಡಿ."

"ಅವನ್ನ ಕಟ್ಟಾಕ್ಬುಟ್ರೆ ನಾನು ಹೆಂಗ್ ಒಳಕ್ಕೆ ಬರ್ಲಿ?"

"ಅದ್ನೂ ನಾನೇ ಹೇಳ್ಬೇಕಾ?" ಎಂದು ಮರಿಯಯ್ಯ ನೊಂದುಕೊಂಡ.

ಅಷ್ಟರಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಗುರುಮಲ್ಲಮ್ಮ ಬಂದಳು. ವಿಷಯ ಕೇಳಿದವಳೇ ಬುಟ್ಟಿ ಇಳಿಸಿ, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಕರಿಯನ ಹಣೆಗೆ ಮೂರು ಬೆರಳು ಎಳೆದಳು. ಕುಂಕುಮ ಇಟ್ಟಳು. ಬುಟ್ಟಿಗೆ ಮುಚ್ಚಿದ್ದ ಹಳದಿ ವಸ್ತ್ರವನ್ನು ಕೊರಳಿಗೆ ಕಟ್ಟಿದಳು.

"ಏನ್ ಮಾಡ್ತಿದ್ದೀ ದೊಡ್ಡವ್ವ?"

"ಸುಮ್ಕಿರು ಮಗ. ಭೈರವನ ವಾಹನ ಯಾವ್ದು? ನಾಯಿ. ಇವ್ನು ಏನು? ನಾಯಿ. ಇದ್ರಲ್ಲಿ ಸುಳ್ಳೆಲ್ಲಿ ಬತ್ತು?"

ಎರಡನೆಯ ಬಸ್ಸಿನ ಕಂಡಕ್ಟರ್ ಹುಚ್ಚಯ್ಯ ಕರಿಯನ ಹಣೆ ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ. ಡ್ರೈವರಿನ ಹಿಂದಿನ ಸೀಟು ಖಾಲಿ ಮಾಡಿಸಿ ಕರಿಯನನ್ನು ಕೂರಿಸಿದ. ಮೃತ್ಯುಂಜಯ ಚಾಮರಾಜನಗರದವರೆಗೂ ಕಂಬಿ ಹಿಡಿದು ನಿಂತಿದ್ದ. ತೆರಕಣಾಂಬಿಯಲ್ಲಿ ಹತ್ತಿದ ಹುಡುಗಿಯೊಬ್ಬಳು ವಿಡಿಯೋ ಮಾಡಿಕೊಂಡಳು.

ಕಚೇರಿಯಲ್ಲಿ ಅಧಿಕಾರಿ ಶಿವರಂಜನಿ ಹಣೆಯನ್ನೂ ನೋಡಲಿಲ್ಲ, ಬಾಲವನ್ನೂ ನೋಡಲಿಲ್ಲ. ಮೃತ್ಯುಂಜಯನ ಕಾಗದಗಳನ್ನು ನೋಡಿ, ಹತ್ತೇ ನಿಮಿಷದಲ್ಲಿ ಪತ್ರ ಕೊಟ್ಟು, ಓದಿಯೂ ಹೇಳಿದರು: "ಕರಿಯ ಎಂಬ ಈ ನಾಯಿಯನ್ನು ಯಾವ ಬಾಗಿಲಲ್ಲೂ ತಡೆಯತಕ್ಕದ್ದಲ್ಲ." ಮೃತ್ಯುಂಜಯ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿನಲ್ಲಿಟ್ಟುಕೊಂಡ. ಅಂಥ ನೆಮ್ಮದಿಯಾಗಿ ಎಷ್ಟೋ ದಿನವಾಗಿತ್ತು.

ಆದರೆ ಅವನಿಗಿಂತ ಮೊದಲೇ ವಿಡಿಯೋ ಗುಂಡ್ಲುಪೇಟೆ ತಲುಪಿತ್ತು. ಬಸ್ಸಿಳಿಯುವಾಗ ತೆಂಗಿನಕಾಯಿ ಒಡೆದ ಸದ್ದು ಕೇಳಿಸಿತು. ಹಾರ ಹಿಡಿದು ಮುಂದೆ ನಿಂತಿದ್ದವರು ಮ್ಯಾನೇಜರ್ ರಾಜಶೇಖರ್.

"ಸಾರ್, ಪತ್ರ ತಂದಿದ್ದೀನಿ" ಎಂದ ಮೃತ್ಯುಂಜಯ.

"ಪತ್ರ ಯಾಕ್ರೀ? ನಿನ್ನೆ ತಿಳೀದೆ ಬಾಲ ತುಳಿದೆ, ರಾತ್ರಿಯಿಂದ ಅದೇ ಕಾಲು ನೋಯ್ತಿದೆ. ಸ್ವಾಮಿ ಇನ್ಮೇಲೆ ಸಂಘದಲ್ಲೇ ಇರಲಿ. ಅಯ್ಯೋ, ಇದೇನ್ರೀ ದೇವರ ಬೆನ್ನಿಗೆ ಬೆಲ್ಟು? ದೇವರ ಕೈಲಿ ಚಾಕರಿ ಮಾಡಿಸ್ತೀರಾ?"

"ಬಿಚ್ಚಬೇಡಿ ಸಾರ್, ಅದು ಬಿಚ್ಚಿದ್ರೆ..."

ಯಾರೋ ಬಿಚ್ಚಿಯಾಗಿತ್ತು. ಇನ್ಯಾರೋ ಲಾಡು ಹಿಡಿದಿದ್ದರು. ಡ್ಯೂಟಿ ಮುಗಿದ ಕರಿಯ ಲಾಡಿನ ಹಿಂದೆ ಮೆರವಣಿಗೆಯಲ್ಲಿ ಹೊರಟ. ಮೃತ್ಯುಂಜಯ ಎರಡು ಸಲ ಕರೆದ. ಖಾಲಿ ಬೆಲ್ಟು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಅವನಿಗೆ ನಿಜವಾಗಿಯೂ ಅಳು ಬಂತು.

"ಅಳ್ಬ್ಯಾಡ ಕಣ್ ಮಗ" ಎಂದು ಗುರುಮಲ್ಲಮ್ಮ ಮಣಿಕಟ್ಟು ಹಿಡಿದಳು. "ನಾನಿಲ್ವಾ?"

ಮರುದಿನ ಅವಳು ಒಂಬತ್ತು ಜಗಲಿಗಳ ಮುಂದೆ ನಿಂತು, ಭೈರವನ ಕತೆಯನ್ನು ಒಂಬತ್ತು ಸಲ ಹೇಳಿ, ಅವನನ್ನು ಸಂಘದ ಬಾಗಿಲಿಗೆ ತಲುಪಿಸುವಷ್ಟರಲ್ಲಿ ಒಂದು ಗಂಟೆ ತಡವಾಗಿತ್ತು. ಒಳಗೆ ಕರಿಯನ ಪೂಜೆಯ ಗಂಟೆ ಮೊಳಗುತ್ತಿತ್ತು. ಬಾಗಿಲಲ್ಲಿ ವಾಚ್‌ಮನ್ ಚಿಕ್ಕಮಾದು ಕೈ ಅಡ್ಡ ಹಿಡಿದ.

"ಚಪ್ಪಲಿ ಆಚೆ ಬುಟ್ಟು ಸಾಲಲ್ಲಿ ಬನ್ನಿ ಸಾ."

"ನಾನು ಇಲ್ಲೇ ಕೆಲಸ ಮಾಡೋನು ಕಣ್ಲಾ, ಚಿಕ್ಕಮಾದು!"

"ಗೊತ್ತು ಸಾ. ಪತ್ರ ಇಲ್ದೆ ಯಾರ್ನೂ ನೇರವಾಗಿ ಬುಡಬ್ಯಾಡ ಅಂದವ್ರೆ ಮ್ಯಾನೇಜರ್ರು."

ಮೃತ್ಯುಂಜಯನ ಮುಖ ಅರಳಿತು. ಎದೆಯ ಜೇಬಿನಿಂದ ಪತ್ರ ತೆಗೆದು ಕೊಟ್ಟ. ಚಿಕ್ಕಮಾದು ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಕೊನೆಯವರೆಗೆ ಓದಿ, ಮೊದಲಿನಂತೆಯೇ ನಾಲ್ಕು ಮಡಿಕೆ ಮಾಡಿ ವಾಪಸು ಕೊಟ್ಟ.

"ಇದು ನಾಯಿಗೆ ಕೊಟ್ಟಿರದು ಸಾ. ನಿಮ್ದೆಲ್ಲಿ?"